ಅಪ್ಪಿಕೊಳ್ಳದೆ ಮುಗಿಯುವ ಕಾಮಿಡಿ

ಮಾವಶಿ ನಗುವಾಗ ಸದ್ದು ಬರುತ್ತಿರಲಿಲ್ಲ. ಮೊದಲು ಎರಡೂ ಭುಜ ಕುಣಿಯುತ್ತಿದ್ದವು, ಆಮೇಲೆ ಕತ್ತಿನ ನರ ಉಬ್ಬಿ ಮುಖ ಕೆಂಪಾಗುತ್ತಿತ್ತು. ಕನ್ನಡಕ ತೆಗೆದು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರೆ ನಗು ಮುಗಿಯಿತೆಂದು ಅರ್ಥ. ಮೊದಲ ಸಲ ನೋಡಿದಾಗ ಅವರಿಗೆ ಉಸಿರು ಸಿಕ್ಕಿಕೊಂಡಿದೆ ಎಂದು ಗಾಬರಿಯಾಗಿ ನಾನು ನೀರು ತರಲು ಓಡಿದ್ದೆ.

ಅವರು ದಾಂಡೇಲಿಯ ನಮ್ಮ ಎದುರುಮನೆಯವರು. ಜೊಯಿಡಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ಧಾರವಾಡದಿಂದ ಸೊಸೆಯಾಗಿ ಬಂದ ನಾನೂ ಹಾಗೇ ಕರೆದೆ. ನನ್ನ ಗಂಡ ಕಾಗದದ ಕಾರ್ಖಾನೆಗೆ ಹೋಗುತ್ತಾರೆ. ನಾನು ಮನೆಯಲ್ಲೇ ಕೂತು ವಿದೇಶಿ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಹೆಚ್ಚಾಗಿ ಕಾಮಿಡಿ. ಅಮೆರಿಕದವು ಸಲೀಸಾಗಿ ಸಾಗುತ್ತಿದ್ದವು. ಇಂಗ್ಲೆಂಡಿನವು ಬಂದಾಗ ಮಾತ್ರ ಕೈ ನಿಲ್ಲುತ್ತಿತ್ತು. ಶಬ್ದಕ್ಕೆಲ್ಲ ಅರ್ಥ ಗೊತ್ತು, ನಗು ಎಲ್ಲಿದೆ ಎಂಬುದು ಗೊತ್ತಿಲ್ಲ.

ಹಾಗೆ ಸಿಕ್ಕಿಹಾಕಿಕೊಂಡ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಧಾರಾವಾಹಿಯ ಮುದುಕನೊಬ್ಬ ತಿಂಗಳುಗಟ್ಟಲೆ ಕೂತು ಮನೆಗೆ ಬಣ್ಣ ಹಚ್ಚಿದ್ದಾನೆ, ಹಚ್ಚಿ ಮುಗಿಸಿದ ದಿನವೇ ಮಾಳಿಗೆ ಸೋರಿ ಗೋಡೆಯೆಲ್ಲ ಹಾಳಾಗಿದೆ. ಅದನ್ನು ನೋಡುತ್ತ ಅವನು ಅನ್ನುವುದು ಎರಡೇ ಶಬ್ದ, 'ವೆರಿ ನೈಸ್'. ನಾನು 'ತುಂಬಾ ಚೆನ್ನಾಗಿದೆ' ಎಂದು ಬರೆದಿದ್ದೆ.

“ಅಂವ ಚೆನ್ನಾಗೈತಿ ಅನಾಕತ್ತಿಲ್ಲವಾ, ಸತ್ತೆ ಅನಾಕತ್ತಾನ,” ಎಂದರು ಮಾವಶಿ. “ನಿಮ್ಮ ಧಾರವಾಡದಾಗ ಕೈಯಾಗಿನ ಹಾಲಿನ ಪಾತೇಲಿ ಬಿದ್ರ ಏನಂತಾರ?”

“ಛಲೋ ಆತ ಬಿಡ್ರಿ ಅಂತಾರ.”

“ಹಂಗಾದ್ರ ಅದನ್ನ ಬರಿ.”

ಬರೆದೆ. ಮಾವಶಿ ಆ ತುಣುಕನ್ನು ಮತ್ತೆ ಹಾಕಿಸಿ ನೋಡಿದರು, ಭುಜ ಕುಣಿಯತೊಡಗಿದವು. ಅಂದಿನಿಂದ ದಿನಾ ಮಧ್ಯಾಹ್ನ ಅಲ್ಲೇ ನನ್ನ ಕೆಲಸ.

ಅವರು ಪಾಠ ಮಾಡುವವರಂತೆ ಮಾತಾಡುತ್ತಿರಲಿಲ್ಲ. ಮೆಂತ್ಯದ ಸೊಪ್ಪು ಬಿಡಿಸುತ್ತ ನಡುನಡುವೆ ಒಂದು ಮಾತು ಅನ್ನುತ್ತಿದ್ದರು. “ಅಮೆರಿಕಾದವಂಗ ತಾನು ಜೋಕ್ ಮಾಡಾಕತ್ತೇನಿ ಅನ್ನೂದು ಗೊತ್ತಿರತೈತಿ. ಇಂಗ್ಲಿಷಾಂವಗ ಗೊತ್ತ ಇರೂದಿಲ್ಲ. ಅಂವ ತಾನ ಒಂದು ಜೋಕು.” ಇನ್ನೊಂದು ದಿನ: “ಅಮೆರಿಕಾದವರಾಗ ಎಲ್ಲಾರೂ ಕಡೀಕ ಅಪ್ಪಿಕೊಂತಾರ, ಒಂದು ಬುದ್ಧಿ ಕಲೀತಾರ. ಇವರಾಗ ಯಾರೂ ಏನೂ ಕಲಿಯಂಗಿಲ್ಲ. ಅದ ಮನಿ, ಅದ ಮಂದಿ, ಹೊರಗ ಹೋಗಾಕ ದಾರಿ ಇಲ್ಲ.” ಅಮೆರಿಕದವರು ವರ್ಷಗಟ್ಟಲೆ ಎಳೆಯುತ್ತಾರೆ, ಇವರು ಆರು ಕಂತು ಮಾಡಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ, ಅದೇ ಮರ್ಯಾದೆ ಎನ್ನುವುದು ಅವರ ವಾದ. ನನಗೆ ಅಮೆರಿಕದವೇ ಇಷ್ಟ. ಹಾಗೆಂದರೆ, “ನೀನು ಅಪ್ಪಿಕೊಳ್ಳೂ ಪಾರ್ಟಿ, ಬಿಡು,” ಎನ್ನುತ್ತಿದ್ದರು.

ಸದ್ದಿಲ್ಲದೆ ನಗುವುದನ್ನು ಅವರು ರೂಢಿಸಿಕೊಂಡದ್ದೆಂದು ನನಗೆ ತಿಳಿದದ್ದು ತಡವಾಗಿ. ನಡುಮನೆಯ ಗೋಡೆಯಾಚೆ ಅವರ ಅಣ್ಣ ಇದ್ದರು. ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ, ಎರಡು ಒಲೆ ಹೂಡಿ, ಅಣ್ಣ ತಂಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ತನ್ನ ನಗು ಅಣ್ಣನಿಗೆ ಕೇಳಬಾರದು ಎಂಬುದು ಮಾವಶಿಯ ಹಟ.

ಹಿತ್ತಲಲ್ಲಿ ನಳ ಮಾತ್ರ ಒಂದೇ. ಒಮ್ಮೆ ಅಣ್ಣ ಅದರ ಮುಂದೆ ನಿಂತು ನಳಕ್ಕೇ ಹೇಳುತ್ತಿದ್ದರು: “ಹನಿ ಹನಿ ಸೋರಾಕತ್ತೈತಿ, ಯಾರಿಗೂ ಕಾಣಂಗಿಲ್ಲ.” ಮಾವಶಿ ಒಣಗಿಸಿದ ಬಟ್ಟೆಗೆ ಉತ್ತರಿಸಿದರು: “ಕಂಡವರು ಬಂದ್ ಮಾಡಬೇಕು.” ಇಬ್ಬರೂ ನಿಂತೇ ಇದ್ದರು, ನೀರು ಸೋರುತ್ತಲೇ ಇತ್ತು. ಕೊನೆಗೆ ನಾನೇ ಹೋಗಿ ನಳ ತಿರುವಿದೆ. ಒಳಗೆ ಬಂದ ಮೇಲೆ ಮಾವಶಿ, “ನಮ್ಮದೂ ಇಂಗ್ಲಿಷ್ ಕಾಮಿಡಿನ ಐತಿ, ಏನ್ ಮಾಡೂದು, ಆರು ಕಂತಿಗೆ ಮುಗಿಯವಲ್ದು,” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಜಗಳದ ಕಾರಣವನ್ನು ಅವರೇ ಹೇಳಿದ್ದರು. ಅವರ ಅವ್ವ ಹಾಸಿಗೆ ಹಿಡಿದು ಎರಡು ವರ್ಷ ಮಲಗಿದ್ದರು. ಶಾಲೆಗೂ ಹೋಗಿ ಬಂದು, ಅವ್ವನ ಸೇವೆಯನ್ನೂ ಮಾಡಿದವರು ಮಾವಶಿ. ಪರೀಕ್ಷೆಯ ಕೆಲಸಕ್ಕೆಂದು ಅವರನ್ನು ಮುಂಡಗೋಡ ಕಡೆಯ ಚಿಗಳ್ಳಿಗೆ ಹಾಕಿದ್ದಾಗ ಅವ್ವ ತೀರಿಕೊಂಡರು. ಸುದ್ದಿ ಸಿಕ್ಕ ಕೂಡಲೇ ಹೊರಟು, ಬಸ್ಸು ಬದಲಿಸುತ್ತ ಮನೆ ಮುಟ್ಟಿದಾಗ ಮಣ್ಣಿಗೆ ಹೋದವರು ತಿರುಗಿ ಬಂದು ಕಾಲು ತೊಳೆಯುತ್ತಿದ್ದರಂತೆ. “ಎರಡು ತಾಸು ಕಾಯಲಿಲ್ಲ ಅಂವ. ಯಾಕ ಅಂತ ಕೇಳಿದೆ. ಬಾಯಿ ಬಿಡಲಿಲ್ಲ.” ಇಷ್ಟು ಹೇಳಿ ಮಾವಶಿ ನನ್ನ ಮುಖ ನೋಡಿದರು. “ಇದಕ್ಕ ನೀ ಸಬ್‌ಟೈಟಲ್ ಬರ್ಯಾಕ ಹೋಗಬ್ಯಾಡ ಮತ್ತ.”

ನಾನು ಬರೆಯಲು ಹೋದೆ.

ಆ ವರ್ಷ ದಸರೆಯ ವಾರದಲ್ಲಿ ಒಂದು ಅಮೆರಿಕದ ಧಾರಾವಾಹಿಯ ಕೊನೆಯ ಕಂತು ಮುಗಿಸಿದ್ದೆ. ಬಹಳ ವರ್ಷ ಮುನಿಸಿಕೊಂಡಿದ್ದ ಅಣ್ಣತಮ್ಮಂದಿರು ಅದರಲ್ಲಿ ಅಪ್ಪಿಕೊಂಡು ಅಳುತ್ತಾರೆ. ಬರೆಯುತ್ತ ನಾನೂ ಅತ್ತಿದ್ದೆ. ನಮ್ಮ ಕಡೆ ಬನ್ನಿ ಮುಡಿಯುವ ದಿನ ಎಂಥ ವೈರಿಯ ಕೈಗೂ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು ಪದ್ಧತಿ. ಇದಕ್ಕಿಂತ ಒಳ್ಳೆಯ ದಿನ ಬೇರೆ ಯಾವುದಿದೆ ಎನಿಸಿತು. ಒಬ್ಬರಿಗೆ ಹೇಳದೆ ಇನ್ನೊಬ್ಬರನ್ನು, ಇಬ್ಬರನ್ನೂ ನಮ್ಮ ಮನೆಗೆ ಕರೆದೆ.

ಮಾವಶಿ ಮೊದಲು ಬಂದು ಕೂತಿದ್ದರು. ಅಣ್ಣ ಹೊಸ್ತಿಲು ದಾಟಿದವರು ಅವರನ್ನು ಕಂಡು ನಿಂತುಬಿಟ್ಟರು. ನಾನು ಇಬ್ಬರ ಕೈಗೂ ಬನ್ನಿ ಎಲೆ ಕೊಟ್ಟು, “ಬಂಗಾರದಂಗ ಇರ್ರಿ,” ಎಂದೆ. ಅಣ್ಣನೇ ಮೊದಲು ಕೈ ಚಾಚಿದರು.

ಮಾವಶಿ ಅಣ್ಣನ ಎಲೆ ತೆಗೆದುಕೊಳ್ಳಲಿಲ್ಲ. “ಎರಡು ತಾಸು,” ಎಂದರು. “ಎರಡು ತಾಸು ಕಾಯಾಕ ಆಗಲಿಲ್ಲ ನಿನಗ.”

ಅಣ್ಣ ಕೈ ಹಿಂದೆ ತೆಗೆದುಕೊಂಡು ಹೊರಡಲು ತಿರುಗಿದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. “ಕಾಕಾ, ಯಾಕ ಕಾಯಲಿಲ್ಲ ಅನ್ನೂದನ್ನ ಒಮ್ಮೆ ಹೇಳಿಬಿಡ್ರಿ. ಹೇಳಿದ್ರ ಮುಗೀತೈತಿ.”

“ಬ್ಯಾಡ ತಂಗಿ, ದಾರಿ ಬಿಡು.”

“ಇಲ್ರಿ, ಹೇಳಬೇಕು.”

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಕೈಮುಗಿಯುವುದೊಂದು ಬಾಕಿ. ನನ್ನ ಗಂಡ ಕೂಡ ಹಿಂದಿನಿಂದ, “ಬಿಡು,” ಎಂದರು. ನಾನು ಬಿಡಲಿಲ್ಲ. ಆಗ ಅಣ್ಣ ಯಾರನ್ನೂ ನೋಡದೆ ಹೇಳಿದರು: “ಖುದ್ದ ಅವ್ವ ಅಂದಿದ್ಲು. ಆಕಿ ಬರೂದ್ರಾಗ ನನ್ನ ಒಯ್ದುಬಿಡು, ಆಕಿ ಕೈ ಮಣ್ಣು ನನಗ ಬ್ಯಾಡ ಅಂತ.”

ಒಂಬತ್ತು ವರ್ಷ ಆ ಮಾತನ್ನು ಅವರು ಒಳಗೇ ಇಟ್ಟುಕೊಂಡು ತಂಗಿಯ ಬೈಗುಳ ತಿಂದಿದ್ದರು. ಅದನ್ನು ನಾನು ಹಬ್ಬದ ದಿನ ಕಿತ್ತು ಹೊರಗೆ ಹಾಕಿಸಿದ್ದೆ.

ಮಾವಶಿ ಕೈಯಲ್ಲಿದ್ದ ಎಲೆಗಳನ್ನು ಟೇಬಲ್ಲಿನ ಮೇಲಿಟ್ಟರು. ಒಂದು ಎಲೆ ಕೆಳಗೆ ಬಿತ್ತು, ಅದನ್ನು ಎತ್ತಿ ಉಳಿದವುಗಳ ಜೊತೆ ಜೋಡಿಸಿ, ಚಪ್ಪಲಿ ಹಾಕಿಕೊಂಡು ಹೋದರು.

ಮೂರು ತಿಂಗಳು ನನಗೆ ಅವರ ಬಾಗಿಲು ತೆರೆಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರೇ ಕರೆದರು. ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು, ಯಾರದೋ ಸುದ್ದಿ ಹೇಳುವವರಂತೆ ಹೇಳಿದರು. “ಒಂದಿನ ಸಾಲಿಂದ ಬಂದು ಅವ್ವನ ಹಾಸಿಗಿ ಒಗ್ಯಾಕತ್ತಿದ್ದೆ. ಅವತ್ತ ಮೂರನೇ ಸಲ. ದೇವರು ಲಗೂನ ಕರಕೊಂಡ್ರ ಛಲೋ ಅಂತ ಬಾಜೂ ಮನಿಯಾಕಿ ಮುಂದ ಅಂದೆ. ಖಿಡಕಿ ತೆರದಿತ್ತು. ಅವ್ವಗ ಕೇಳಸ್ತು ಅಂತ ನನಗ ಗೊತ್ತಾಗಲಿಲ್ಲ.”

ನಾನು ಅಳುತ್ತ ಅವರನ್ನು ಅಪ್ಪಿಕೊಂಡೆ. ಅವರ ಮೈ ಕಟ್ಟಿಗೆಯಂತಿತ್ತು. “ಸಾಕು, ಬಿಡು,” ಎಂದು ಮೆಲ್ಲಗೆ ನನ್ನ ಕೈ ಬಿಡಿಸಿದರು. “ಇಷ್ಟು ವರ್ಷ ಅಂವನ ಮ್ಯಾಲೆ ಸಿಟ್ಟು ಮಾಡಿ ದಿನಾ ಎದ್ದು ಓಡ್ಯಾಡಿದೆ. ಈಗ ಅದನ್ನ ಯಾರ ಮ್ಯಾಲೆ ಹಾಕ್ಲಿ?”

ಮತ್ತೆ ಮಧ್ಯಾಹ್ನಗಳು ಶುರುವಾದವು. ತಪ್ಪು ತಿದ್ದುತ್ತಿದ್ದರು, ಸರಿಯಾದ ಶಬ್ದ ಕೊಡುತ್ತಿದ್ದರು, ಅಷ್ಟೇ. ಎಂಥ ದೃಶ್ಯ ಬಂದರೂ ಭುಜ ಅಲುಗುತ್ತಿರಲಿಲ್ಲ. ಊಟ ಕಡಿಮೆಯಾಯಿತು. ವೈದ್ಯರು ಹೃದಯ ದುರ್ಬಲವಾಗಿದೆ ಎಂದು ಗುಳಿಗೆ ಕೊಟ್ಟರು. ಅದನ್ನು ದಿನಾ ತೆಗೆದುಕೊಳ್ಳುತ್ತಿದ್ದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಉಳಿದಿರಲಿಲ್ಲ.

ಹೋದ ಮಳೆಗಾಲದಲ್ಲಿ ನಾನು ತವರಿಗೆ ಹೋಗಿದ್ದಾಗ ಬೆಳಿಗ್ಗೆ ಗಂಡನ ಫೋನ್ ಬಂತು. ಮಾವಶಿ ಕೂತಲ್ಲೇ ಹೋಗಿಬಿಟ್ಟಿದ್ದರು. ಹೊರಟೆ. ಹಳಿಯಾಳ ದಾಟಿದ ಮೇಲೆ ದಾರಿಗೆ ಮರ ಬಿದ್ದು ಬಸ್ಸು ನಿಂತಿತು. ನನ್ನ ಸಲುವಾಗಿ ತಡೆಯಬೇಡಿ ಎಂದು ಗಂಡನಿಗೆ ಹೇಳಿದೆ. ಅಲ್ಲಿ ಹಿರಿಯರೂ ಅದನ್ನೇ ಅನ್ನುತ್ತಿದ್ದರಂತೆ. ಮಳೆ ಜೋರಾಗಿದೆ, ತೋಡಿದ ಕುಣಿಯಲ್ಲಿ ನೀರು ನಿಲ್ಲುತ್ತಿದೆ, ಅವಳೇನು ರಕ್ತಸಂಬಂಧಿಯೇ ಎಂದು. ಅಣ್ಣ ಮಾತ್ರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, “ಆ ಹುಡುಗಿ ಬರ್ಲಿ. ಅಲ್ಲೀತನಕ ಯಾರೂ ಎತ್ತಂಗಿಲ್ಲ,” ಎಂದು ಕೂತುಬಿಟ್ಟರು. ನಾನು ಮುಟ್ಟಿದ್ದು ಮಧ್ಯಾಹ್ನ ಕಳೆದ ಮೇಲೆ. ಅವರೇ ನನ್ನನ್ನು ಕರೆದುಕೊಂಡು ಹೋಗಿ, ನನ್ನ ಕೈಯಿಂದ ಮಣ್ಣು ಹಾಕಿಸಿದರು.

ಕಾರ್ಯವೆಲ್ಲ ಮುಗಿದ ಮೇಲೆ ಅವರಿಗೆ ಚಹಾ ಒಯ್ದು ಕೊಟ್ಟು, ಆ ದಸರೆಯ ದಿನ ನಾನು ಹಾಗೆ ಮಾಡಬಾರದಿತ್ತು ಎಂದೆ.

“ಛಲೋ ಆತೋ ಕೆಟ್ಟ ಆತೋ ನನಗೂ ತಿಳೀವಲ್ದು ತಂಗಿ,” ಎಂದರು. ಒಂದು ಗುಟುಕು ಚಹಾ ಕುಡಿದು, “ಸಾಯೂ ಹಿಂದಿನ ವಾರ ಒಂದಿನ ಈ ಕಡೆ ಬಂದಿದ್ಲು. ನನ್ನ ತಾಟಿನಾಗ ಒಂದು ಸೌಟು ಪಲ್ಯಾ ಹಾಕಿ, ಉಪ್ಪು ಕಡಿಮಿ ಐತಿ, ಬೇಕಾದ್ರ ಹಾಕ್ಕೊ ಅಂದ್ಲು. ಅಷ್ಟ. ಹೋಗಿಬಿಟ್ಲು.” ಚಹಾದ ಬಸಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. “ನೀ ದಿನಾ ಆಕಿ ಕೂಡ ಕೂಡತಿದ್ದಿ. ಏನಂತ ತಿಳ್ಕೊಬೇಕು ಇದನ್ನ?”

ಕ್ಷಮಿಸಿದರು ಎಂದೇ ಇರಬೇಕು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು. ಆದರೆ ಮಾವಶಿ ಅಂದದ್ದು ಉಪ್ಪಿನ ಮಾತನ್ನು ಮಾತ್ರ.

“ನನಗೂ ಗೊತ್ತಿಲ್ರಿ ಕಾಕಾ,” ಎಂದೆ.

ಅವರು ತಲೆಯಾಡಿಸಿದರು. ಚಹಾ ಆರುತ್ತಿತ್ತು. ನಾನು ಎದ್ದು ಹೋಗದೆ ಅಲ್ಲೇ ಪಕ್ಕದಲ್ಲಿ ಕೂತೆ.