ಜೀಪ್ ವಾತ್ಯಾರು

ತಮಿಳುನಾಡಿನ ಬೋಡಿಯಿಂದ ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಏರುವ ದಾರಿಯ ಒಂದು ತಿರುವಿನಲ್ಲಿ ಬೊಮ್ಮಣ್ಣ ಸಾರ್ ಸ್ಟೀರಿಂಗಿನಿಂದ ಎಡಗೈ ತೆಗೆದು ಮೇಲಕ್ಕೆತ್ತುತ್ತಿದ್ದರು. ಜೀಪಿನೊಳಗೆ ಒತ್ತೊತ್ತಾಗಿ ಕೂತ ಹೆಂಗಸರೆಲ್ಲ ಮಾತು ನಿಲ್ಲಿಸಿ ಒಟ್ಟಿಗೆ ಉಗುಳು ನುಂಗುತ್ತಿದ್ದರು. ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರು ಅವರು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಿವಿ ಕಟ್ಟಿಕೊಳ್ಳುತ್ತದೆ, ನುಂಗಿದರೆ ಬಿಡುತ್ತದೆ ಎಂದು ಸಾರ್ ಯಾವತ್ತೋ ಅವರಿಗೆ ಪಾಠ ಮಾಡಿದ್ದರಂತೆ. ಪಾಠ ಮರೆತುಹೋಗಿತ್ತು, ನುಂಗುವುದು ಉಳಿದಿತ್ತು.

"ವಾತ್ಯಾರೇ, ನೆನ್ನೆ ನುಂಗಿದ್ದೇ ಇನ್ನೂ ಅರಗಿಲ್ಲ," ಎಂದು ಲಕ್ಕಮ್ಮ ಎಂಬಾಕೆ ಹಿಂದಿನಿಂದ ಕೂಗಿದಳು. ಆ ಕಡೆ ಮೇಷ್ಟ್ರಿಗೆ ವಾತ್ಯಾರು ಎನ್ನುತ್ತಾರೆ.

"ಅರಗ್ದಿದ್ರೆ ಕಿವಿ ಹಿಡ್ಕೊಂಡು ಕೂತ್ಕೊ ಲಕ್ಕಮ್ಮಾ. ಕಿವುಡಿ ಆದ್ರೆ ನಿನ್ ಗಂಡನ್ಗೇ ಲಾಭ."

ಎತ್ತುತ್ತಿದ್ದರು, ನುಂಗುತ್ತಿದ್ದರು ಎಂದು ಬರೆದೆ. ಆದರೆ ನಾನು ಬೆಳಗಿನ ಹೊತ್ತು ಆ ಜೀಪಿನಲ್ಲಿ ಏರಿದ್ದು ಒಂದೇ ಸಲ. ಆ ಒಂದು ಬೆಳಗನ್ನು ನನ್ನ ನೆನಪು ಹಿಗ್ಗಿಸಿ ದಿನನಿತ್ಯದ ರೂಢಿ ಮಾಡಿಕೊಂಡಿದೆ. ಅವರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹಳಷ್ಟು ಹೀಗೆ ಹಿಗ್ಗಿಸಿದ್ದೇ ಇರಬಹುದು.

ದಿಂಡಿಗಲ್ಲಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾವಿಬ್ಬರೂ ಭೌತಶಾಸ್ತ್ರ ಕಲಿಸುತ್ತಿದ್ದೆವು. ಅವರು ನನಗಿಂತ ಆರೇಳು ವರ್ಷ ದೊಡ್ಡವರು. ತೆಳ್ಳನೆಯ ಮನುಷ್ಯ, ಅಂಗಿಯ ತೋಳನ್ನು ಒಂದು ಕಡೆ ಮಾತ್ರ ಮಡಚುತ್ತಿದ್ದರು, ಬೋರ್ಡಿಗೆ ಉಜ್ಜುವ ಕಡೆ. ತರಗತಿಯಲ್ಲಿ ಲೆಕ್ಕ ಬಿಡಿಸಿ ಮುಗಿಸಿದ ಮೇಲೆ ಹುಡುಗರ ಕಡೆ ತಿರುಗಿ, "ಇದು ನಿಮಗೆ ಅರ್ಥವಾದರೆ ನನಗೂ ಹೇಳಿ" ಎನ್ನುತ್ತಿದ್ದರು. ಹುಡುಗರು ನಗುತ್ತಿದ್ದರು. ಅದು ತಮಾಷೆಯಲ್ಲ ಎಂದು ನನಗೆ ಅನಿಸಿದ್ದು ಬಹಳ ತಡವಾಗಿ.

ಸಿಬ್ಬಂದಿ ಕೋಣೆಯಲ್ಲಿ ನಮ್ಮ ಮನೆಮಾತು ಆಡುವವರು ನಾವಿಬ್ಬರೇ. ಅವರದು ಕಂಬಂ ಕಡೆ ಅಜ್ಜಿಯ ಬಾಯಿಂದ ಬಂದ ಗಟ್ಟಿ ಕನ್ನಡ. ನನ್ನದು ಕೇಳಿದರೆ ತಿಳಿಯುವ, ಆಡಲು ಹೋದರೆ ತಮಿಳಾಗಿಬಿಡುವ ಕನ್ನಡ. ಈಗ ಬರೆಯುತ್ತಿರುವ ಈ ಕನ್ನಡವನ್ನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಕಲಿತೆ. ಅದನ್ನು ಆಡಿದರೆ ಸಾರ್ ಕೈಮುಗಿದು, "ರೇಡಿಯೋ ನಿಲ್ಸು ತಾಯಿ" ಎನ್ನುತ್ತಿದ್ದರು.

ನಮ್ಮ ಮನೆಮಾತು ಕಾಲೇಜಿಗೆ ಬೇಸಿಗೆಯಲ್ಲಿ ಮಾತ್ರ ಬೇಕಾಗುತ್ತಿತ್ತು. ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಅಧ್ಯಾಪಕರನ್ನೆಲ್ಲ ವಿದ್ಯಾರ್ಥಿಗಳನ್ನು ಹಿಡಿದು ತರಲು ಹಳ್ಳಿಹಳ್ಳಿಗೆ ಕಳುಹಿಸುತ್ತಿದ್ದರು. ನಮ್ಮಿಬ್ಬರನ್ನು ಕಂಬಂ ಕಣಿವೆಯ ಕನ್ನಡದ ಮನೆಗಳಿಗೆ. "ನಿಮ್ಮ ಭಾಷೆಯಲ್ಲಿ ಕೇಳಿ, ಮಕ್ಕಳನ್ನು ಕೊಡುತ್ತಾರೆ" ಎಂದು ವಿಭಾಗದ ಮುಖ್ಯಸ್ಥರು ಹೇಳುತ್ತಿದ್ದರು. ಕೊಡುತ್ತಿದ್ದರು ಕೂಡ. ಒಪ್ಪಿದ ಮನೆಯಿಂದ ಅಸಲು ಅಂಕಪಟ್ಟಿ ತೆಗೆದುಕೊಂಡು ಬರಬೇಕು. ಅದು ನಮ್ಮ ಕೈಗೆ ಬಂದರೆ ಆ ಮಗು ಬೇರೆ ಕಾಲೇಜಿಗೆ ಹೋಗುವಂತಿಲ್ಲ.

ಒಂದು ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಳು. ಮೊಮ್ಮಗಳು ಪಾಸಾಗಿದ್ದಳು, ಊರಲ್ಲಿರಲಿಲ್ಲ. ಸಾರ್ ಹೊಸಿಲ ಹೊರಗೇ ಕೂತು ಅವಳ ಎಮ್ಮೆ, ಅವಳ ಮಂಡಿನೋವು ಎಲ್ಲ ವಿಚಾರಿಸಿ, ಕೊನೆಗೆ ಕಾಲೇಜಿನ ಮಾತು ತೆಗೆದರು. ಮುದುಕಿ ಅವರ ಮುಖವನ್ನೇ ನೋಡುತ್ತಾ, "ನಮ್ ಮಾತಾಡ್ತೀಯ. ನೀ ಸುಳ್ಳು ಯೋಳಾಕಿಲ್ಲ ಬುಡು" ಎಂದು ಒಳಗೆ ಹೋಗಿ ಅಂಕಪಟ್ಟಿ ತಂದುಕೊಟ್ಟಳು.

ಬಸ್ಸು ಬಂದಾಗ ನಾನು ಹತ್ತಿದೆ. ಸಾರ್ ಹತ್ತಲಿಲ್ಲ. "ನೀ ಓಗು, ಬತ್ತೀನಿ" ಎಂದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ನಾನೂ ಇಳಿದು ಅವರ ಜೊತೆ ಹೋದೆ ಎಂದು ಇತ್ತೀಚೆಗೆ ಯಾರಿಗೋ ಹೇಳುತ್ತಿದ್ದೆ. ಹೇಳುವಾಗ ನಿಜವೆಂದೇ ಅನಿಸಿತ್ತು. ಬಹುಶಃ ಇಳಿಯಲಿಲ್ಲ.

ಮರುದಿನ ಅವರನ್ನು ಕೇಳಿದೆ. "ವಾಪಸ್ ಕೊಟ್ಟೆ. ಈ ಕಾಲೇಜು ಸರಿಯಿಲ್ಲ ಅವ್ವಾ, ಬೇರೆ ಕಡೆ ಸೇರ್ಸು ಅಂದೆ."

"ಏನಂದಳು?"

"ಸರಿಯಿಲ್ದಿದ್ರೆ ನೀ ಯಾಕೆ ಅಲ್ಲಿದ್ದೀಯ ಅಂದ್ಲು. ನಿಂಗೇನಾದ್ರೂ ತಿಳುದ್ರೆ ನಂಗೂ ಯೋಳು."

ಆ ಮಳೆಗಾಲ ಕಳೆಯುವ ಮೊದಲೇ ಅವರು ಕೆಲಸ ಬಿಟ್ಟರು. ಆಗ ಅವರಿಗೆ ಮೂವತ್ತೆಂಟು ಇರಬೇಕು. ಬಿಡುವುದಕ್ಕೆ ಮುಂಚೆ ಒಂದು ದಿನ ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದವರು ಹುಡುಗರ ಕಡೆ ತಿರುಗಲೇ ಇಲ್ಲವಂತೆ. ಗಂಟೆ ಹೊಡೆಯುವವರೆಗೂ ಬೆನ್ನು ಹಾಕಿ ನಿಂತಿದ್ದರಂತೆ. ಸಿಬ್ಬಂದಿ ಕೋಣೆಯಲ್ಲಿ ಕೆಲವರು ಪಾಪ ಎಂದರು, ಕೆಲವರು ಕೊಬ್ಬು ಎಂದರು. ಭಾವಮೈದುನನ ಜೀಪು ಓಡಿಸುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಎಲ್ಲರೂ ನಕ್ಕರು. ನಾನು ನೋಡಲು ಹೋದೆ. ಹೆಂಗಸರು ನುಂಗುವುದನ್ನು ಕಂಡದ್ದು ಆಗಲೇ. ಇಷ್ಟು ಹಗುರಾಗಿ ಒಬ್ಬ ಮನುಷ್ಯ ಬದುಕಬಹುದೇ ಎಂದುಕೊಂಡು ಇಳಿದು ಬಂದೆ.

ನನ್ನ ಸರದಿ ಮೂವತ್ತನಾಲ್ಕಕ್ಕೆ ಬಂತು. ಬೆಳಗ್ಗೆ ಕಾಲೇಜಿನ ನಿಲುಗಡೆಯಲ್ಲಿ ಸ್ಕೂಟರ್ ನಿಲ್ಲಿಸಿದರೆ ಹೆಲ್ಮೆಟ್ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಅದರೊಳಗೇ ಕೂತಿರುತ್ತಿದ್ದೆ. ಒಂದು ಶುಕ್ರವಾರ ವಿಭಾಗದ ಮುಖ್ಯಸ್ಥರಿಗೆ ಬಿಡುತ್ತೇನೆ ಎಂದು ಬಾಯಿಮಾತಲ್ಲಿ ಹೇಳಿದೆ. ಅವರು ಗದರಲಿಲ್ಲ. "ಸೋಮವಾರದವರೆಗೆ ಯೋಚನೆ ಮಾಡಮ್ಮ. ಆಮೇಲೆ ಬೇಕೆಂದರೆ ಜಾಗ ಇರುವುದಿಲ್ಲ" ಎಂದರು. ಶನಿವಾರ ಬಸ್ಸು ಹಿಡಿದು ಬೋಡಿಮೆಟ್ಟಿಗೆ ಹೋದೆ. ಯೋಚನೆ ಮಾಡಲು ಹೋಗಲಿಲ್ಲ. ಧೈರ್ಯ ಕೇಳಲು ಹೋದೆ.

ಹೆಂಗಸರನ್ನು ತೋಟಕ್ಕೆ ಇಳಿಸಿದ ಜೀಪುಗಳು ಸಂಜೆಯವರೆಗೆ ಮೇಲೆಯೇ ನಿಂತಿರುತ್ತವೆ. ಟೀ ಅಂಗಡಿಯ ಬೆಂಚಿನಲ್ಲಿ ಸಾರ್ ಸಿಕ್ಕರು. ಎಂದಿನಂತೆ ನಾನು ತಮಿಳಿನಲ್ಲಿ, ಅವರು ಕನ್ನಡದಲ್ಲಿ. ಸಾಕಾಗಿದೆ ಸಾರ್, ನಾನೂ ಬಿಟ್ಟುಬಿಡುತ್ತೇನೆ, ನಿಮ್ಮ ಹಾಗೆ ಎಂದೆ.

"ನನ್ನಂಗೆ ಅಂದ್ರೆ?"

"ನೀವು ನೆಮ್ಮದಿಯಾಗಿದ್ದೀರಲ್ಲ."

"ಯಾರ್ ಯೋಳುದ್ರು?"

"ನಾನೇ ನೋಡಿದೆನಲ್ಲ, ಅವತ್ತು ಜೀಪಿನಲ್ಲಿ."

"ಅವತ್ತು ನೀ ಬಂದಿದ್ದೆ. ನೆಂಟ್ರು ಬಂದ್ರೆ ಯಾರ್ ಮನೇಲೂ ನಗ್ತಾರಮ್ಮ." ಟೀ ಲೋಟವನ್ನು ಬೆಂಚಿನ ಮೇಲೆ ಇಟ್ಟರು. "ಕ್ಲಾಸಲ್ಲಿ ನಾ ತಪ್ಪು ಮಾಡುದ್ರೆ ಒಂದು ಮಾರ್ಕು ಓಗೋದು. ಇಲ್ಲಿ ಮಂಜು ಬಿದ್ರೆ ಮುಂದೆ ರಸ್ತೆ ಕಾಣಾಕಿಲ್ಲ. ಹಿಂದೆ ಲಕ್ಕಮ್ಮ ಮಗಳ ಮದುವೆ ಮಾತಾಡ್ತಿರ್ತಾಳೆ, ಸೀರೆ ಬಣ್ಣ ಯಾವುದು ಅಂತ. ಕೆಳುಗ್ ಬಂದು ಎಲ್ಲರೂ ಇಳುದ್ ಮೇಲೂ ನನ್ ಬೆರಳು ಸ್ಟೀರಿಂಗ್ ಬುಡಾಕಿಲ್ಲ. ಒಂದೊಂದಾಗಿ ಬಿಡುಸ್ಕೋಬೇಕು."

ಅವರು ನನ್ನ ಕಡೆ ನೋಡದೆ ಮುಂದುವರಿಸಿದರು.

"ತಿರುಗಿ ಪಾಠ ಮಾಡಾಣ ಅಂತ ಎಲ್ಲಾ ಕಡೆ ಕೇಳ್ದೆ. ಇಷ್ಟು ದಿನ ಏನ್ ಮಾಡ್ತಿದ್ದೆ ಅಂತಾರೆ. ಜೀಪ್ ಅಂದ್ರೆ ನಗ್ತಾರೆ. ನಮ್ ಕಾಲೇಜಿನೋರು ಮಾತ್ರ ಜಾಗ ಇದ್ರೆ ಕೂಗ್ತೀವಿ ಅಂದವ್ರೆ. ಈಗ ಜಾಗ ಇಲ್ಲ." ಲೋಟವನ್ನು ಒಂದಿಷ್ಟು ಆಚೆ ಸರಿಸಿ, "ನೀ ಬುಟ್ರೆ ಇರ್ತದೆ."

ನಾನು ಕೇಳಿದ್ದು ಇದಲ್ಲ ಎಂದು ಹೇಳಬೇಕೆನಿಸಿತು. ಬದಲಿಗೆ, "ಬೇಸಿಗೆಯಲ್ಲಿ ಮತ್ತೆ ಮನೆಮನೆಗೆ ಕಳುಹಿಸುತ್ತಾರೆ ಸಾರ್" ಎಂದೆ.

"ಗೊತ್ತು."

"ಆಗ?"

"ಗೊತ್ತು ಅಂದ್ನಲ್ಲ." ಅವರ ದನಿ ಗಡುಸಾಯಿತು, ಕೂಡಲೇ ಇಳಿಯಿತು. "ನೀನು ಬುಡು ಅಂದ್ರೆ ಅದು ನನ್ ಆಸೆ. ಬುಡ್ಬೇಡ ಅಂದ್ರೆ ನನ್ ನಾಟಕ. ನಾ ಎರಡೂ ಯೋಳಾಕಿಲ್ಲ. ನೀ ಇರ್ತೀನಿ ಅಂದ್ರೆ ನಾ ಆ ಕಡೆ ತಲೆ ಹಾಕಾಕಿಲ್ಲ. ಯೋಚ್ನೆ ಮಾಡ್ಬುಟ್ಟು ಯೋಳು."

ಸಂಜೆ ಅವರ ಜೀಪಿನಲ್ಲೇ ಇಳಿದೆ. ಮುಂದೆ ಕೂರಲು ಕರೆದರು, ನಾನು ಹಿಂದೆ ಹೋಗಿ ಲಕ್ಕಮ್ಮನ ಪಕ್ಕ ತೂರಿಕೊಂಡೆ. ಅವಳ ಸೀರೆಯಲ್ಲಿ ಹಸಿ ಏಲಕ್ಕಿಯ ವಾಸನೆ. ಮೊದಲ ತಿರುವು ದಾಟುವ ಹೊತ್ತಿಗೆ ಅವಳಿಗೆ ನನ್ನ ಗುರುತು ಹತ್ತಿತು.

"ಓ ನೀನಾ. ವಾತ್ಯಾರ ಜತೇಲಿ ಕೆಲ್ಸ ಮಾಡ್ತಿದ್ದೋಳಲ್ಲವಾ? ಇನ್ನೂ ಅದೇ ಕಾಲೇಜಲ್ಲಿ ಇದ್ದೀಯಾ?"

ಎದುರಿನ ಕನ್ನಡಿಯಲ್ಲಿ ಸಾರ್ ಕಣ್ಣು ನನ್ನ ಕಡೆ ತಿರುಗಿದ್ದು ಕಂಡಿತು. ಹೌದು ಎನ್ನಬಹುದಿತ್ತು. ಸೋಮವಾರದವರೆಗೆ ಅದು ನಿಜವೂ ಆಗಿತ್ತು.

"ಇಲ್ಲಕ್ಕಾ, ಬಿಟ್ಟೆ" ಎಂದೆ.

"ಬುಟ್ಟು ಏನ್ ಮಾಡ್ತೀಯ?"

"ಗೊತ್ತಿಲ್ಲ."

"ಅಯ್ಯೋ ಪಾವಮೇ. ವಾತ್ಯಾರೇ, ಈ ಹುಡ್ಗೀಗೂ ಒಂದು ಜೀಪ್ ಹುಡುಕ್ಕೊಡಿ," ಎಂದಳು. ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನನಗೆ ಬಿಡಬೇಕೆಂದೇ ಇತ್ತೇ, ಅಥವಾ ಆ ಕಣ್ಣು ನೋಡಿ ಹಾಗೆಂದೆನೇ, ಇನ್ನೂ ಬಗೆಹರಿದಿಲ್ಲ. ಈಗ ಓಡೈಪಟ್ಟಿಯಲ್ಲಿ ಸೋದರತ್ತೆಯ ದ್ರಾಕ್ಷಿ ತೋಟದಲ್ಲಿದ್ದೇನೆ. ಬಳ್ಳಿ ಕಟ್ಟುತ್ತೇನೆ, ಗೊನೆ ಪೆಟ್ಟಿಗೆಗೆ ತುಂಬಿಸುತ್ತೇನೆ. ಔಷಧಿ ಹೊಡೆದ ದಿನ ಕೈಯೆಲ್ಲ ಉರಿಯುತ್ತದೆ. ಚೆನ್ನಾಗಿದ್ದೀಯಾ ಎಂದು ಯಾರಾದರೂ ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಸಾರ್ ನನ್ನ ಜಾಗಕ್ಕೆ ಸೇರಿಕೊಂಡರು ಎಂದು ಕೇಳಿದೆ. ಹುಡುಗರ ಕಡೆ ತಿರುಗಿಕೊಂಡೇ ಪಾಠ ಮಾಡುತ್ತಿದ್ದಾರಂತೆ. ಅವರು ಒಂದು ಸಲ ಫೋನ್ ಮಾಡಿದ್ದರು, ನಾನು ತೆಗೆಯಲಿಲ್ಲ. ನಾನು ಮಾಡಿದಾಗ ಅವರು ತೆಗೆಯಲಿಲ್ಲ.

ಅವತ್ತು ಬೋಡಿಯಲ್ಲಿ ಹಿಂದಿನಿಂದ ಇಳಿದವಳು ತಿರುಗಿ ನೋಡದೆ ಬಸ್ಸು ಹತ್ತಿದ್ದೆ. ಹಾಗಾಗಿ ನಾನು ಅವರನ್ನು ಕೊನೆಗೆ ಕಂಡದ್ದು ಆ ಕನ್ನಡಿಯಲ್ಲೇ, ಬರೀ ಕಣ್ಣು. ಹೆಂಗಸರೆಲ್ಲ ನಗುತ್ತಿದ್ದಾಗ ಆ ಕಣ್ಣು ನಗಲಿಲ್ಲ. ಹೆಗಲ ಭಾರ ಇಳಿದ ಸಮಾಧಾನವೋ, ನನಗಾಗಿ ಸಂಕಟವೋ, ಇನ್ನೊಂದು ಕ್ಷಣ ನೋಡಿದ್ದರೆ ತಿಳಿಯುತ್ತಿತ್ತೇನೋ. ಅಷ್ಟರಲ್ಲಿ ತಿರುವು ಬಂತು, ಅವರು ರಸ್ತೆ ನೋಡಬೇಕಾಯಿತು.