ಚೌಡೇಶ್ವರಿ ಬೆರೆಸಿದ ಸಾಬೂನು ನೀರು

ಚಿತ್ರದುರ್ಗದ ಹೊರಗೆ, ಹೈವೇ ಪಕ್ಕದ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಚೌಡೇಶ್ವರಿ ಹತ್ತೊಂಬತ್ತು ವರ್ಷಗಳಿಂದ ಲ್ಯಾಬ್ ಟೆಕ್ನಿಷಿಯನ್. ಅಷ್ಟರಲ್ಲಿ ಐದು ಮಂದಿ ಪ್ರಾಂಶುಪಾಲರು ಬಂದು ಹೋದರು, ಪಠ್ಯಕ್ರಮ ಬದಲಾಯಿತು, ಕಾಲೇಜಿನ ಹೆಸರಿಗೆ ‘ಅಂತರರಾಷ್ಟ್ರೀಯ’ ಎಂಬ ಪದವೂ ಅಂಟಿಕೊಂಡಿತು. ದಿನಾ ಬೆಳಿಗ್ಗೆ ಹೊಳಲ್ಕೆರೆಯ ಬಸ್ಸಿಳಿದು ಬಂದು, ಯಾರೂ ತೊಳೆಯದೆ ಬಿಟ್ಟುಹೋದ ಗಾಜಿನ ಸಾಮಾನು ತೊಳೆದಿಟ್ಟು ಕೆಲಸ ಶುರುಮಾಡುವ ಚೌಡೇಶ್ವರಿಯ ದಿನಚರಿ ಮಾತ್ರ ಬದಲಾಗಲಿಲ್ಲ.

ಅವಳು ತಾಳ್ಯ ಎಂಬ ಹಳ್ಳಿಯ ಕುರಿ ಸಾಕುವವರ ಮನೆಯ ಮಗಳು. ಬಿಎಸ್ಸಿಗೆ ಕೆಮಿಸ್ಟ್ರಿಯನ್ನೇ ಯಾಕೆ ತೆಗೆದುಕೊಂಡೆ ಎಂದು ಯಾರಾದರೂ ಕೇಳಿದರೆ, “ನಮ್ಮವ್ವ ಬೋರಿನ ನೀರಾಗೆ ಬಟ್ಟೆ ಒಗೆಯೋವಾಗ ಸಾಬೂನು ನೊರೆ ಬರ್ತಿರಲಿಲ್ಲ, ಒಡೆದ ಹಾಲಿನಂಗೆ ಆಗ್ತಿತ್ತು. ಯಾಕಂತ ಊರಾಗೆ ಯಾರೂ ಹೇಳಲಿಲ್ಲ,” ಎನ್ನುತ್ತಿದ್ದಳು. ಕೇಳಿದವರು ತಮಾಷೆಯೆಂದು ನಗುತ್ತಿದ್ದರು.

ಕಳೆದ ವರ್ಷ ಕಾಲೇಜಿಗೆ ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಯಂತ್ರ ಬಂತು. ಒಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆ. ಅದಕ್ಕೆ ದ್ರಾವಣ ತುಂಬಿ ಎರಡೂ ತುದಿಗೆ ಸಾವಿರಾರು ವೋಲ್ಟ್ ಕೊಟ್ಟರೆ, ಮಾತ್ರೆಯೊಳಗಿನ ಪದಾರ್ಥಗಳು ತಮ್ಮ ತಮ್ಮ ವಿದ್ಯುದಂಶಕ್ಕೆ ತಕ್ಕ ವೇಗದಲ್ಲಿ ಓಡಿ ಬೇರೆಯಾಗುತ್ತವೆ. ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಒಂದೊಂದು ಗುಡ್ಡ ಏಳುತ್ತದೆ. ವಿದ್ಯುದಂಶವೇ ಇಲ್ಲದವು ಮಾತ್ರ ಒಂದೇ ಬಸ್ಸಿನಲ್ಲಿ ಕೂತವರಂತೆ ಒಟ್ಟಿಗೇ ಬಂದಿಳಿಯುತ್ತವೆ. ಅಂಥವನ್ನು ಬಿಡಿಸಲು ಎಸ್‌ಡಿಎಸ್ ಎಂಬ, ಸಾಬೂನಿನ ಜಾತಿಯ ಪುಡಿ ಬೆರೆಸಬೇಕು. ಸಾಬೂನಿನ ಕಣಗಳು ಗುಂಪುಕಟ್ಟಿ ಒಂದನ್ನು ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ಹಿಡಿದುಕೊಳ್ಳುತ್ತವೆ. ಬಿಗಿಯಾಗಿ ಸಿಕ್ಕಿಕೊಂಡದ್ದು ತಡವಾಗಿ ಬರುತ್ತದೆ.

ಯಾವ ಸಾಬೂನು, ಎಷ್ಟು, ಯಾವ ಲವಣದ ನೀರಿನಲ್ಲಿ ಎಂಬುದನ್ನು ಪ್ರಯೋಗ ಮಾಡಿ ಮಾಡಿ ಕಂಡುಕೊಳ್ಳಬೇಕು. ವಿಭಾಗದ ಮುಖ್ಯಸ್ಥ ಡಾಕ್ಟರ್ ಲಕ್ಷ್ಮೀಕಾಂತ್ ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅದನ್ನೆಲ್ಲ ತಾನೇ ಲೆಕ್ಕಹಾಕಿ ಹೇಳುವ ಸಾಫ್ಟ್‌ವೇರ್ ಒಂದನ್ನು ತರಿಸಿದ್ದರು. ಶುಕ್ರವಾರ ಆಡಳಿತ ಮಂಡಳಿಯ ಅಧ್ಯಕ್ಷ ಮುರುಗಪ್ಪನವರಿಂದ ಉದ್ಘಾಟನೆ. ತಲೆನೋವಿನ ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲ್ ಮತ್ತು ಕೆಫೀನನ್ನು ಅವರ ಕಣ್ಣೆದುರೇ ಬೇರ್ಪಡಿಸಿ ತೋರಿಸುವುದೆಂದು ತೀರ್ಮಾನವಾಯಿತು.

ಬುಧವಾರ ಲಕ್ಷ್ಮೀಕಾಂತ್ ಗುಂಡಿ ಒತ್ತಿದರು. ಪರದೆ ಹಸಿರಾಯಿತು. ‘ಫಾಸ್ಫೇಟ್ ದ್ರಾವಣ, ಎಸ್‌ಡಿಎಸ್. ಯಶಸ್ಸಿನ ಸಾಧ್ಯತೆ ಶೇಕಡಾ ತೊಂಬತ್ತೆಂಟು’ ಎಂದಿತು. ಉಗ್ರಾಣದಲ್ಲಿದ್ದದ್ದು ಪೊಟ್ಯಾಸಿಯಂ ಫಾಸ್ಫೇಟ್. ಚೌಡೇಶ್ವರಿ ಅದನ್ನು ಕರಗಿಸಿ ಎಸ್‌ಡಿಎಸ್ ಹಾಕಿದ್ದೇ ತಡ, ತಿಳಿಯಾಗಿದ್ದ ನೀರು ಬೆಳ್ಳಗೆ ಗರಣೆ ಕಟ್ಟಿತು.

“ಸರ್, ಪೊಟ್ಯಾಸಿಯಂ ಇದಕ್ಕೆ ಆಗಿಬರಲ್ಲ. ಸಾಬೂನೆಲ್ಲ ಒಡೆದು ತಳಕ್ಕೆ ಕುಂತೈತೆ ನೋಡ್ರಿ.”

ಲಕ್ಷ್ಮೀಕಾಂತ್ ಸೀಸೆಯನ್ನು ನೋಡಲಿಲ್ಲ, ಪರದೆಯನ್ನು ನೋಡಿದರು. “ಸಾಫ್ಟ್‌ವೇರ್ ಹಸಿರು ತೋರಿಸ್ತಾ ಐತಲ್ಲ ಚೌಡೇಶ್ವರಮ್ಮ! ಅದು ಹನ್ನೆರಡು ಸಾವಿರ ಸಂಶೋಧನಾ ಲೇಖನ ಓದೈತೆ. ನೀವೆಷ್ಟು ಓದೀರಿ?”

ಅವಳು ಸೀಸೆಯನ್ನು ಯಂತ್ರದಲ್ಲಿಟ್ಟಳು. ಹತ್ತು ನಿಮಿಷದಲ್ಲಿ ಕೊಳವೆ ಕಟ್ಟಿಕೊಂಡು ವಿದ್ಯುತ್ ಹರಿಯುವುದು ನಿಂತಿತು. ಪರದೆ ಮಾತ್ರ ಹಸಿರಾಗಿಯೇ ಇತ್ತು. ಲಕ್ಷ್ಮೀಕಾಂತ್ ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಮಾರುತೇಶ್ ಎಂಬಾತ ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿದ. ಮಾಡಿದರು. ಈಗ ಯಶಸ್ಸಿನ ಸಾಧ್ಯತೆ ತೊಂಬತ್ತೊಂಬತ್ತಕ್ಕೇರಿತು.

ಗುರುವಾರ ಲಕ್ಷ್ಮೀಕಾಂತ್ ಶಾಮಿಯಾನ, ಹಾರ, ಫ್ಲೆಕ್ಸುಗಳ ಓಡಾಟದಲ್ಲಿದ್ದರು. ಲ್ಯಾಬಿನಲ್ಲಿ ಚೌಡೇಶ್ವರಿ ಒಬ್ಬಳೇ. ಬಿಸಿನೀರು ಹಾಯಿಸಿ ಹಾಯಿಸಿ ಕೊಳವೆಯಲ್ಲಿ ಕಟ್ಟಿದ್ದನ್ನು ಕರಗಿಸಿದಳು. ಕಪಾಟಿನ ಹಿಂದೆ ಸೋಡಿಯಂ ಇರುವ ಬೋರಾಕ್ಸ್ ಡಬ್ಬಿ ಸಿಕ್ಕಿತು. ಅದರ ದ್ರಾವಣಕ್ಕೆ ಎಸ್‌ಡಿಎಸ್ ಹಾಕಿದಳು. ಕನ್ನಡಿಯಂತೆ ತಿಳಿಯಾಗಿಯೇ ಉಳಿಯಿತು. ಸಂಜೆ ಬಸ್ಸಿನ ಹೊತ್ತಿಗೆ ಪರದೆಯ ಮೇಲೆ ಮೊದಲು ಒಂದು ಗುಡ್ಡ, ತುಸು ಬಿಟ್ಟು ಇನ್ನೊಂದು. ಅವಳಿಗೆ ಕುಣಿಯಬೇಕೆನಿಸಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಲಾಗ್ ಪುಸ್ತಕದಲ್ಲಿ ಬೆರೆಸಿದ್ದನ್ನೆಲ್ಲ ಬರೆದು, ಕೆಳಗೆ ‘ಪೊಟ್ಯಾಸಿಯಂ ಬೇಡ’ ಎಂದು ಬರೆದು, ಅದರಡಿ ಎರಡು ಗೆರೆ ಎಳೆದು ಹೋದಳು.

ಶುಕ್ರವಾರ ಬೆಳಿಗ್ಗೆ ಲಕ್ಷ್ಮೀಕಾಂತರಿಗೆ ವಿಷಯ ಹೇಳಿದಳು. ಅವರು ಬೋರಾಕ್ಸನ್ನು ಸಾಫ್ಟ್‌ವೇರಿಗೆ ಹಾಕಿ ನೋಡಿದರು. ಪರದೆ ಕೆಂಪಾಯಿತು: ‘ಸೂಕ್ತವಲ್ಲ.’

“ಹಿಂಗ್ ಮಾಡಾಣ,” ಎಂದರು, ತುಂಬ ಯೋಚಿಸಿ. “ಯಂತ್ರದಾಗೆ ನಿಮ್ಮ ಸೀಸೆ ಇರ್ಲಿ. ಗೋಡೆ ಮೇಲೆ ಪ್ರೊಜೆಕ್ಟರಿನಾಗೆ ಬುಧವಾರದ ಹಸಿರು ಪರದೆ ಇರ್ಲಿ.”

ಭೀಮಸಮುದ್ರದ ಅಡಿಕೆ ವ್ಯಾಪಾರಿಯಾದ ಮುರುಗಪ್ಪ ಟೇಪು ಕತ್ತರಿಸಿ, ಎರಡು ಗುಡ್ಡ ಏಳುವುದನ್ನು ಬೆರಗಾಗಿ ನೋಡಿದರು. “ಎಲ್ಲಾ ಕಂಪ್ಯೂಟರೇ ಆರಿಸ್ತದೇನ್ರಿ? ಹಂಗಾದ್ರೆ ನಮ್ಮ ಮಂಡಿಗೂ ಒಂದು ತರ್ಸ್ರಿ, ಅಡಿಕೆ ಆರ್ಸಾಕೆ ಹೆಣ್ಣಾಳೇ ಸಿಗ್ತಿಲ್ಲ.” ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋದಲ್ಲಿ ಚೌಡೇಶ್ವರಿಯ ಬಲಗೈ ಮಾತ್ರ ಬಂತು, ಅದೂ ಹಾರದ ತಟ್ಟೆ ಹಿಡಿದದ್ದು.

ಆ ಫೋಟೋವನ್ನು ಕಂಪನಿ ಜಾಹೀರಾತಿಗೆ ಬಳಸಿಕೊಂಡಿತು. ನೋಡಿದ ಬೇರೆ ಕಾಲೇಜಿನವರೂ ಸಾಫ್ಟ್‌ವೇರ್ ಕೊಂಡರು, ಅವರ ಕೊಳವೆಗಳೂ ಕಟ್ಟಿಕೊಂಡವು. ಎಲ್ಲರೂ ಲಕ್ಷ್ಮೀಕಾಂತರಿಗೆ ಫೋನ್ ಮಾಡತೊಡಗಿದರು. “ಮೀಟಿಂಗಲ್ಲಿದ್ದೀನಿ, ನಮ್ಮ ಟೆಕ್ನಿಷಿಯನ್ ಕೇಳಿ,” ಎಂದು ಅವರು ಚೌಡೇಶ್ವರಿಯ ನಂಬರ್ ಕೊಟ್ಟರು. ಅವಳು ಪಿಪೆಟ್ ಹಿಡಿದ ಕೈಯಲ್ಲೇ ಫೋನು ಹಿಡಿದು, “ಡಬ್ಬಿ ಮ್ಯಾಲೆ ಏನು ಬರ್ದೈತೆ ಓದ್ರಿ. ಸೋಡಿಯಮ್ಮೋ, ಪೊಟ್ಯಾಸಿಯಮ್ಮೋ?” ಎಂದು ಕೇಳುತ್ತಿದ್ದಳು. ಆರನೆಯ ಕರೆ ಸಹಾಯವಾಣಿಯ ಮಾರುತೇಶನದೇ.

“ಅಕ್ಕಾ, ದೂರು ಜಾಸ್ತಿ ಆಗವೆ. ನೀವು ಏನ್ ಹೇಳ್ತೀರೋ ಸ್ವಲ್ಪ ನಂಗೂ ಹೇಳ್ರಿ.”

ಹೇಳಿದಳು. ಮೂರು ತಿಂಗಳಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದರಲ್ಲಿ ಒಂದೇ ಒಂದು ಪ್ರಶ್ನೆ ಹೆಚ್ಚಿಗೆ: ಲವಣ ಸೋಡಿಯಮ್ಮಿನದೋ, ಪೊಟ್ಯಾಸಿಯಮ್ಮಿನದೋ? ಕೆಳಗೆ ‘ಸಲಹೆ: ಡಾಕ್ಟರ್ ಲಕ್ಷ್ಮೀಕಾಂತ್, ಚಿತ್ರದುರ್ಗ’ ಎಂದಿತ್ತು. ಚೌಡೇಶ್ವರಿ ಅದನ್ನು ಎರಡು ಸಲ ಓದಿದಳು. ನೇರ ಅವರ ಕೋಣೆಗೆ ಹೋಗಿ ಕೇಳಿಯೇಬಿಟ್ಟಳು: “ಸರ್, ಅದರಾಗೆ ನನ್ ಹೆಸರು ಯಾಕಿಲ್ಲ?”

ಲಕ್ಷ್ಮೀಕಾಂತ್ ನಿಜಕ್ಕೂ ನೊಂದುಕೊಂಡರು. “ನಿಮ್ಮ ಹೆಸರು ಹಾಕ್ರಿ ಅಂತ ನಾನೇ ಹೇಳ್ದೆ ಕಣಮ್ಮ. ಡಾಕ್ಟರೇಟ್ ಇಲ್ದೋರ ಹೆಸರನ್ನ ಕಂಪನಿಯೋರ ಆನ್‌ಲೈನ್ ಫಾರಂ ತಗಳಲ್ವಂತೆ. ಕೆಂಪು ತೋರಿಸ್ತೈತೆ.”

“ಹಂಗಾದ್ರೆ ಸರ್, ಎರಡನೇ ವರ್ಷದೋರ ಪ್ರಾಕ್ಟಿಕಲ್ ಇನ್ಮೇಲೆ ನಾನು ಮಾಡಿಸ್ತೀನಿ. ನನ್ನ ಹೆಸರಲ್ಲೇ ಟೈಮ್‌ಟೇಬಲ್ ಹಾಕ್ರಿ.”

ಕೇಳಿದ ದನಿ ಇಲ್ಲವೆನ್ನಲು ಆಗದಂತಿತ್ತು. ಅವರು ಕಂಪ್ಯೂಟರ್ ನೋಡದೆಯೇ ಸಹಿ ಹಾಕಿದರು. ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಸೂಚನಾ ಫಲಕದ ಮೇಲೆ ‘ಶ್ರೀಮತಿ ಚೌಡೇಶ್ವರಿ’ ಎಂದಿರುತ್ತದೆ. ವಿದ್ಯಾರ್ಥಿಗಳು ಒಳಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂರಲು ನುಗ್ಗುತ್ತಾರೆ.

“ಅಲ್ಲಿ ಆಮೇಲೆ ಕುಂತ್ಕಳ್ರಿ,” ಎನ್ನುತ್ತಾಳೆ ಅವಳು. “ಮೊದ್ಲು ಕೈಗೆ ಸೀಸೆ ತಗಳ್ರಿ.”