ಹುಸೇನ್ ಸಾಬರ ಬಸ್ಸಿನ ಕರಿಹೊಗೆ

1986ರಲ್ಲಿ ನಾನು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಡೀಸೆಲ್ ವರ್ಕ್‌ಶಾಪಿನಲ್ಲಿ ಪಂಪ್ ಮೆಕ್ಯಾನಿಕ್ ಆಗಿದ್ದೆ. ಎಂಜಿನ್ನಿಗೆ ಬೇಕಾದ ಡೀಸೆಲನ್ನು ಅಳೆದು ಕಳಿಸುವುದು ಪಂಪು. ಅದನ್ನು ಮಂಜಿನಂತೆ ಸಿಂಪಡಿಸುವುದು ನಾಜಲ್. ಬಸ್ಸುಗಳು ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ, ಪಡೆಯಬೇಕಿತ್ತು. ಅದನ್ನು ಕೊಡುವ ಸಾರಿಗೆ ಇಲಾಖೆಯ ಬ್ರೇಕ್ ಇನ್‌ಸ್ಪೆಕ್ಟರು ಎಕ್ಸಲರೇಟರ್ ಒತ್ತಿಸಿ ಹೊಗೆ ನೋಡುತ್ತಿದ್ದರು. ಕರಿಹೊಗೆ ಬಂದರೆ ಗಾಡಿ ವಾಪಸ್. ಅದಕ್ಕೊಂದು ಉಪಾಯ ನಮಗೆಲ್ಲ ಗೊತ್ತಿತ್ತು: ಹಿಂದಿನ ದಿನ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಕಡಿಮೆ ಮಾಡುವುದು, ಪರೀಕ್ಷೆ ಮುಗಿದ ಮೇಲೆ, ಗಾಡಿಗೆ ಎಳೆತ ಸಾಲದೆಂದು, ಮತ್ತೆ ಹೆಚ್ಚಿಸುವುದು.

ಕುರುಗೋಡಿನ ಪಂಪನಗೌಡರ ಬಸ್ಸಿಗೆ ಹಿಂದಿನ ವರ್ಷ ನಾನೇ ಹಾಗೆ ಮಾಡಿಕೊಟ್ಟಿದ್ದೆ. ನಾಜಲ್‌ಗಳು ಕೆಟ್ಟಿದ್ದು ಆಗಲೇ ಕಂಡಿತ್ತು. ಗೌಡರು ಕೇಳಲಿಲ್ಲ, ನಾನು ಹೇಳಲಿಲ್ಲ.

ಈ ಸಲ ಗೌಡರ ಜೊತೆ ಬಂದವನು ಹೊಸ ಡ್ರೈವರ್. ಹತ್ತು ವರ್ಷ ಆ ಬಸ್ಸನ್ನು ಸಿರುಗುಪ್ಪ–ಬಳ್ಳಾರಿ ಓಡಿಸಿದ ಹುಸೇನ್ ಸಾಬರು ಎಲ್ಲಿ ಎಂದು ಕೇಳಿದೆ.

"ಆ ಕಳ್ಳನ ಸುದ್ದಿ ತಗೀಬ್ಯಾಡ," ಎಂದರು ಗೌಡರು. "ಡೀಸೆಲ್ ಖರ್ಚು ಮಿತಿ ಮೀರಿತ್ತು, ದಾರ್ಯಾಗ ಮಾರಿಕೊಂತಿದ್ದ. ಬಿಡಿಸಿ ಆರು ತಿಂಗಳಾತು. ಯಾವ ಬಸ್ಸಿನ್ಯಾಗೂ ಕೆಲಸ ಸಿಗದಂಗ ಮಾಡೀನಿ."

ನಾಜಲ್ ಬಿಚ್ಚಿ ಅವರೆದುರೇ ಟೆಸ್ಟರಿಗೆ ಹಾಕಿ ಹ್ಯಾಂಡಲ್ ಒತ್ತಿದೆ. ಮಂಜು ಬರಲಿಲ್ಲ, ಡೀಸೆಲ್ ದಪ್ಪ ಹನಿಯಾಗಿ ತೊಟ್ಟಿಕ್ಕಿತು.

"ಗೌಡ್ರ, ನಿಮ್ಮ ಡೀಸೆಲ್ ಯಾರೂ ಮಾರಿಲ್ಲ. ಪೂರ್ತಿ ಸುಡದಂಗ ಹೊಗಿಯಾಗಿ ಹೋಗೈತಿ."

"ಲೇ, ನಿನ್ನ ಕೆಲಸ ಸ್ಕ್ರೂ ತಿರುವೋದು. ನ್ಯಾಯ ಹೇಳಾಕ ನಿನ್ನ ಕರದಿಲ್ಲ!"

ತಿರುವುವುದಿಲ್ಲ ಎಂದೆ. ಅವರು ಬಾಯಿಗೆ ಬಂದಂತೆ ಬೈದು, ಹಳೆಯ ನಾಜಲ್‌ಗಳನ್ನೇ ಹಾಕಿಸಿಕೊಂಡು ಹೋದರು. ಮರುದಿನ ಪರೀಕ್ಷೆಯಲ್ಲಿ ಬಸ್ಸು ಫೇಲಾಯಿತು. ವಿಧಿಯಿಲ್ಲದೆ ಮರಳಿ ಬಂದು ಹೊಸ ನಾಜಲ್ ಹಾಕಿಸಿದರು. ಅದೇ ದಾರಿ, ಅಷ್ಟೇ ಟ್ರಿಪ್ಪು. ಡೀಸೆಲ್ ಖರ್ಚು ಬಹಳ ಇಳಿಯಿತೆಂದು ಹದಿನೈದು ದಿನದ ಮೇಲೆ ಹೊಸ ಡ್ರೈವರೇ ಹೇಳಿದ. ಗೌಡರು ಮಾತ್ರ ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಭಾನುವಾರ ಸಿರುಗುಪ್ಪಕ್ಕೆ ಹೋದೆ. ಹುಸೇನ್ ಸಾಬರು ಅಕ್ಕಿ ಮಿಲ್ಲಿನಲ್ಲಿ ಭತ್ತದ ಚೀಲ ಹೊರುತ್ತಿದ್ದರು. ಚೀಲ ಇಳಿಸಿ ನನ್ನ ಮಾತೆಲ್ಲ ಕೇಳಿದರು.

"ಹೋದ ವರ್ಷಾನೂ ಇದನ್ನ ನೋಡಿದ್ರೇನು?"

"ನೋಡಿದ್ದೆ."

"ನೋಡಿ ಸುಮ್ನಿದ್ರಿ. ನನ್ನ ಹೆಂಡ್ತೀನ ಕಳ್ಳನ ಹೆಂಡ್ತಿ ಅಂತ ನಳದ ಹತ್ರ ಆಡಿಕೊಂಡ್ರು." ಅವರು ಮತ್ತೆ ಚೀಲಕ್ಕೆ ಕೈ ಹಾಕಿದರು. "ನನಗ್ಯಾಕ ಹೇಳ್ತೀರಿ? ನಾ ಕಳ್ಳ ಅಲ್ಲ ಅಂತ ನನಗ ಗೊತ್ತೈತಿ. ಬಸ್‌ಸ್ಟ್ಯಾಂಡಿಗೆ ಹೋಗಿ ಹೇಳ್ರಿ."

ಹೋದೆ. ಡ್ರೈವರುಗಳು, ಏಜೆಂಟರು ಸೇರಿದ್ದಲ್ಲಿ ನಿಂತು ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಕೆಲವರು ನಕ್ಕರು, ಒಬ್ಬ ನನ್ನ ಮುಂದೆಯೇ ಉಗುಳಿದ. ಸುದ್ದಿ ತಿಳಿದ ಗೌಡರು ತಮ್ಮ ಪರಿಚಯದವರ ಗಾಡಿಗಳನ್ನೂ ನಮ್ಮ ವರ್ಕ್‌ಶಾಪಿಗೆ ಬರದಂತೆ ಮಾಡಿದರು. ತಿಂಗಳೊಳಗೆ ಹುಸೇನ್ ಸಾಬರಿಗೆ ಬೇರೊಂದು ಬಸ್ಸು ಸಿಕ್ಕಿತು. ಆಮೇಲೆ ಎಷ್ಟೋ ಸಲ ಎದುರಾದರೂ ಅವರು ನನ್ನನ್ನು ಮಾತಾಡಿಸಲಿಲ್ಲ.

ಪರೀಕ್ಷೆಗಾಗಿ ಮುಚ್ಚಿಟ್ಟ ದೋಷ ಗಾಡಿಯಿಂದ ಹೋಗುವುದಿಲ್ಲ. ಗಾಡಿ ಓಡಿಸುವವನ ತಲೆಗೆ ಬರುತ್ತದೆ. ನಿವೃತ್ತನಾಗುವವರೆಗೂ, ಕಂಡ ದೋಷವನ್ನು ಡ್ರೈವರನ ಎದುರಿಗೇ ಹೇಳದೆ ನಾನು ಸ್ಪ್ಯಾನರ್ ಹಿಡಿಯಲಿಲ್ಲ.